ನೆವ್ ಪಾಸ್ಕೋ ಬಡವನಾದ ಹದಿನಾಲ್ಕು ದಿನ

ಗುಲ್ಲಂಬಾ ಊರಿನ ನೀರಿನ ಮೀಟರುಗಳನ್ನು ಮೂವತ್ತೆಂಟು ವರ್ಷ ಓದಿ ನಿವೃತ್ತನಾದ ನೆವಿಲ್ ಪಾಸ್ಕೋಗೆ ಲೋಕದ ಬಡತನದ ಮೇಲೆ ಯಾವ ಹಗೆಯೂ ಇರಲಿಲ್ಲ. ಬಡತನಕ್ಕೂ ಅವನ ಮೇಲೆ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ಪಾಡಿಗೆ ಇದ್ದರು. ಇವರಿಬ್ಬರಿಗೂ ಪರಿಚಯ ಮಾಡಿಸಿದ್ದು ನೆವ್‌ನ ಎಡಗಾಲಿನ ಹೆಬ್ಬೆರಳು.

ಹುಲ್ಲಿನ ಮೇಲೆ ಗುಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನಲ್ಲಿ ಒಂದು ಶನಿವಾರ ಅವನು ತನ್ನ ಕೈಯ ಗುಂಡನ್ನು ತನ್ನ ಕಾಲಿನ ಮೇಲೆಯೇ ಬಿಟ್ಟುಕೊಂಡ. ಒಂದೂವರೆ ಕಿಲೋ ತೂಕದ ಗುಂಡು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ವಾರಕ್ಕೆ ಮೂರು ಸಲ ಊರಿನ ಆಸ್ಪತ್ರೆಗೆ ಹೋಗಿ ಪಟ್ಟಿ ಕಟ್ಟಿಸಿಕೊಳ್ಳಬೇಕಾಯಿತು. ಪಟ್ಟಿ ಕಟ್ಟುತ್ತಿದ್ದವಳು ಮಲಾವಿ ದೇಶದಿಂದ ಬಂದ ಸಿಸ್ಟರ್ ಚಿಮ್ವೆಮ್ವೆ. ಊರಿನವರು ಆ ಹೆಸರಿನ ಜೊತೆ ಒಂದು ತಿಂಗಳು ಕುಸ್ತಿಯಾಡಿ, ಸೋತು, ಚಿಮ್ಮಿ ಎಂದು ಕರೆಯುತ್ತಿದ್ದರು. ಅವಳೂ ಓಗೊಡುತ್ತಿದ್ದಳು.

ಒಂದು ದಿನ ಸೊಳ್ಳೆಯೊಂದು ನೆವ್‌ನ ಮೊಣಕಾಲಿನ ಮೇಲೆ ಕೂತಿತು. ಚಿಮ್ಮಿ ಅದನ್ನು ಒಂದೇ ಏಟಿಗೆ ಕೊಂದಳು. ಆ ಏಟಿನ ಜೋರಿಗೆ ನೆವ್ ಕುರ್ಚಿಯಿಂದ ಅರ್ಧ ಎದ್ದ.

"ಕ್ಷಮಿಸಿ," ಎಂದಳು ಚಿಮ್ಮಿ. "ಇದಕ್ಕೂ ನನಗೂ ಹಳೇ ದ್ವೇಷ. ನನ್ನ ತಮ್ಮ ನಾಲ್ಕು ವರ್ಷದವನಿದ್ದಾಗ ಮಲೇರಿಯಾ ಬಂದು ಹೋಗಿಬಿಟ್ಟ. ಮನೇಲಿ ಪರದೆ ಇರಲಿಲ್ಲ."

"ಪರದೆ ಅಂದ್ರೆ, ಸೊಳ್ಳೆ ಪರದೇನಾ? ಅದಕ್ಕೆಷ್ಟಾಗುತ್ತೆ?"

"ಈಗ ನಿಮ್ಮ ದುಡ್ಡಲ್ಲಿ ಎಂಟು ಡಾಲರ್. ಆಗ ಎಷ್ಟಿತ್ತೋ. ಎಷ್ಟಿದ್ರೂ ನಮ್ಮಪ್ಪನ ಹತ್ರ ಅಷ್ಟಿರಲಿಲ್ಲ."

ನೆವ್ ಕುಂಟುತ್ತಾ ಮನೆಗೆ ಬಂದ. ಹೆಂಡತಿ ಗ್ಲೆನಿಸ್ ಬೆರಳು ಹೇಗಿದೆ ಎಂದು ಕೇಳಿದಾಗ, "ಎಂಟು ಡಾಲರ್," ಎಂದ.

ಇದು ಇಲ್ಲಿಗೇ ಮುಗಿಯಬಹುದಿತ್ತು. ಎಷ್ಟೋ ಒಳ್ಳೆಯ ಯೋಚನೆಗಳು ಹೀಗೆ ಕಾಫಿಯ ಜೊತೆ ಕರಗಿ ಹೋಗುತ್ತವೆ. ಆದರೆ ಮುಂದಿನ ಶುಕ್ರವಾರ ಕ್ಲಬ್ಬಿನಲ್ಲಿ ಕಾಲಿನ್ ಶೀಹನ್‌ನ ಬಾಯಿ ಸುಮ್ಮನಿರಲಿಲ್ಲ.

ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ವರ್ಷವಿಡೀ ಮಾಂಸವನ್ನೇ ಬಹುಮಾನವಾಗಿಟ್ಟು ಲಾಟರಿ ನಡೆಸಿ ಕೂಡಿಟ್ಟ ಹಣವನ್ನು ಚಳಿಗಾಲದ ಒಂದು ಶನಿವಾರ ಯಾವುದಾದರೂ ಒಳ್ಳೆಯ ಕೆಲಸಕ್ಕೆ ಕೊಡುವುದು. ಯಾರು ಬೇಕಾದರೂ ಎದ್ದು ಹತ್ತು ನಿಮಿಷ ಮಾತಾಡಬಹುದು; ಆಮೇಲೆ ಕೈ ಎತ್ತಿ ತೀರ್ಮಾನ. ಹೋದ ವರ್ಷ ಫುಟ್‌ಬಾಲ್ ಮೈದಾನದ ಬೆಂಚು. ಅದರ ಹಿಂದಿನ ವರ್ಷ ಆ ಬೆಂಚಿನ ಮುಂದಿನ ಕಟಕಟೆ. ಈ ವರ್ಷ ನಾಲ್ಕು ಸಾವಿರದ ಎಂಟುನೂರು ಡಾಲರ್ ಸೇರಿತ್ತು. ಫುಟ್‌ಬಾಲ್ ತಂಡದ ಕೋಚ್ ಕಾಲಿನ್‌ಗೆ ಮಿನುಗುವ ಅಂಕಿಗಳ ಸ್ಕೋರ್‌ಬೋರ್ಡ್ ಬೇಕಿತ್ತು. ತಂಡ ಆ ವರ್ಷ ಒಂದೂ ಪಂದ್ಯ ಗೆದ್ದಿರಲಿಲ್ಲ. ಸೋಲನ್ನು ದೂರದಿಂದಲೂ ಸ್ಪಷ್ಟವಾಗಿ ನೋಡುವ ಅನುಕೂಲವಾಗಲಿ ಎಂದು ಊರು ಒಪ್ಪಿಕೊಂಡಿತ್ತು.

ಕ್ಲಬ್ಬಿನ ಅಧ್ಯಕ್ಷ, ಕಸಾಯಿ ಅಂಗಡಿಯ ಬ್ಯಾರಿ ಟ್ರೆಲೋರ್, ಶಾಸ್ತ್ರಕ್ಕೆಂದು ಕೇಳಿದ: "ಇನ್ಯಾರಾದ್ರೂ ಮಾತಾಡೋರು ಇದ್ದೀರಾ?"

"ನೆವ್‌ನ ಕೇಳು," ಎಂದ ಕಾಲಿನ್. "ಮೂವತ್ತೆಂಟು ವರ್ಷ ಎಲ್ಲರ ಮೀಟರ್ ಓದ್ದ. ತನ್ನ ಸ್ವಂತದ್ದು ಅಂತ ಒಂದು ಅಭಿಪ್ರಾಯ ಓದಿದ್ದು ನಾನಂತೂ ಕಂಡಿಲ್ಲ."

ಎಲ್ಲರೂ ನಕ್ಕರು. ನೆವ್ ಕೂಡ ನಕ್ಕ, ಅಭ್ಯಾಸಬಲ. ನಕ್ಕು ಮುಗಿಸಿದ ಮೇಲೆ ಅವನ ಬಾಯಿಂದ ಬಂದ ಮಾತಿಗೆ ಅವನೇ ಬೆರಗಾದ.

"ನಾನೂ ಮಾತಾಡ್ತೀನಿ. ಲೋಕದ ಬಡತನದ ಮೇಲೆ."

ಬಾರಿನ ಹಿಂದಿದ್ದ ಫ್ರಿಜ್ಜಿನ ಗೊರಗೊರ ಎಲ್ಲರಿಗೂ ಕೇಳಿಸಿತು. ಬ್ಯಾರಿ ಪೆನ್ನು ತೆಗೆದು ಬರೆದುಕೊಂಡ.

ಆಡಿದ ಮಾತು ನುಂಗಲಾಗದು. ನೆವ್ ಲೈಬ್ರರಿಗೆ ಹೋಗಿ ಲೋಕದ ಬಡತನದ ಮೇಲೆ ಇದ್ದ ಒಂದೇ ಒಂದು ಪುಸ್ತಕ ತಂದ. ಅದರಲ್ಲಿ ಅಂಕಿಅಂಶದ ಪುಟಗಳು ಅವನಿಗೆ ಅರ್ಥವಾಗಲಿಲ್ಲ. ಕೊನೆಯಲ್ಲಿದ್ದ ಎರಡು ಸಲಹೆ ಮಾತ್ರ ಅರ್ಥವಾದವು. ಬಡವರ ಪರವಾಗಿ ಮಾತಾಡುವವನು ಮೊದಲು ಹದಿನಾಲ್ಕು ದಿನ ಅವರ ದುಡ್ಡಿನಲ್ಲಿ ಉಂಡು ನೋಡಲಿ ಎನ್ನುವುದು ಒಂದು. ಮಾತಾಡುವಾಗ 'ಅವರು' ಎನ್ನದೆ 'ನಾನು' ಎಂದು ಮಾತಾಡಲಿ, ಕೇಳುವವರ ಎದೆಗೆ ನಾಟುತ್ತದೆ ಎನ್ನುವುದು ಇನ್ನೊಂದು.

ಅದೃಷ್ಟವೋ ದುರದೃಷ್ಟವೋ, ಆ ವಾರವೇ ಗ್ಲೆನಿಸ್ ಬಸ್ಸಿನಲ್ಲಿ ಮೂರು ಗಂಟೆ ದೂರದ ಬಲ್ಲರಾಟ್‌ಗೆ ಹೊರಟಳು. ಅವಳ ಅಕ್ಕನಿಗೆ ಸೊಂಟದ ಆಪರೇಷನ್.

"ನೆವ್, ನಾನು ಬರೋವರೆಗೂ ಏಣಿ ಹತ್ತಬೇಡ, ಪೇಂಟು ಮುಟ್ಟಬೇಡ, ಹೊಸದು ಅಂತ ಏನೂ ಮಾಡಬೇಡ," ಎಂದು ಬಸ್ಸಿನ ಕಿಟಕಿಯಿಂದ ಹೇಳಿದಳು.

"ಏನೂ ಮಾಡಲ್ಲ ಕಣೆ," ಎಂದ ನೆವ್. ಉಪವಾಸದ ವಿಷಯ ಹೇಳಿದರೆ ಅವಳು ಅಲ್ಲೇ ಇಳಿದುಬಿಡುತ್ತಾಳೆಂದು ಅವನಿಗೆ ಗೊತ್ತಿತ್ತು.

ದಿನಕ್ಕೆ ಎರಡೂವರೆ ಡಾಲರ್ ಎಂದು ಅವನು ನಿಗದಿ ಮಾಡಿಕೊಂಡ. ಅಕ್ಕಿ ತಂದ, ಬೇಳೆ ತಂದ. ಅನ್ನ ಬೇಳೆ ಎಂದರೆ ಬಾಯಲ್ಲಿ ನೀರೂರುವ ಜನ ಭೂಮಿಯ ಮೇಲೆ ಕೋಟಿಗಟ್ಟಲೆ ಇದ್ದಾರೆ, ನಿಜ. ಆದರೆ ಅವರೆಲ್ಲ ಒಗ್ಗರಣೆ ಕಂಡವರು. ನೆವ್ ಎರಡನ್ನೂ ಒಂದೇ ಪಾತ್ರೆಗೆ ಸುರಿದು, ಗೋಡೆಗೆ ಪೋಸ್ಟರ್ ಅಂಟಿಸುವ ಹದಕ್ಕೆ ಬೇಯಿಸಿ, ಕಣ್ಣು ಮುಚ್ಚಿ ನುಂಗಿದ. ಹೀಟರ್ ಆರಿಸಿ ಕಂಬಳಿ ಹೊದ್ದ. ಕಾರನ್ನು ಶೆಡ್ಡಿಗೆ ಸೇರಿಸಿ ಕುಂಟುತ್ತಾ ನಡೆದಾಡಿದ.

ಮೊದಲು ಗಮನಿಸಿದವನು ಕಸಾಯಿ ಬ್ಯಾರಿ. ಪ್ರತಿ ಗುರುವಾರ ಆರು ತುಂಡು ಕುರಿಮಾಂಸ ಒಯ್ಯುತ್ತಿದ್ದ ನೆವ್ ಆ ಗುರುವಾರ ಅಂಗಡಿಯ ಗಾಜಿನ ಮುಂದೆ ಬಹಳ ಹೊತ್ತು ನಿಂತ. ಕೊನೆಗೆ, "ಒಂದು ಮೂಳೆ ಇದ್ರೆ ಕೊಡು ಬ್ಯಾರಿ," ಎಂದ.

"ನಾಯಿಗಾ?"

"ಹೂಂ, ನಾಯಿಗೆ," ಎಂದ ನೆವ್, ನಾಚಿಕೆಯಿಂದ. ಅವನ ಮನೆಯಲ್ಲಿ ನಾಯಿ ಇಲ್ಲವೆಂಬುದು ಬ್ಯಾರಿಗೆ ಗೊತ್ತಿತ್ತು. ಬ್ಯಾರಿಗೆ ಗೊತ್ತಿದೆಯೆಂದು ನೆವ್‌ಗೆ ನೆನಪಾದದ್ದು ಮಾತು ಬಾಯಿಂದ ಹೊರಬಿದ್ದ ಮೇಲೆ.

ಬ್ಯಾರಿ ಮೂಳೆಯ ಜೊತೆ ಒಂದಷ್ಟು ಮಾಂಸವನ್ನೂ ಸುತ್ತಿದ. "ತಗೊಳಯ್ಯಾ, ದುಡ್ಡು ಬೇಡ."

"ಬೇಡ ಬೇಡ, ಬಿಟ್ಟಿ ತಗೊಳ್ಳೋ ಹಾಗಿಲ್ಲ," ಎಂದು ನೆವ್ ಮಾಂಸವನ್ನು ಬಿಡಿಸಿ ವಾಪಸ್ಸಿಟ್ಟ. ಜೇಬಿನಿಂದ ಚಿಲ್ಲರೆ ತೆಗೆದು ಗಾಜಿನ ಮೇಲೆ ಒಂದೊಂದಾಗಿ ಎಣಿಸಿದ. "ಇವತ್ತಿನ ಪಾಲು ಇಷ್ಟೇ ಉಳಿದಿರೋದು. ಸಾಕಾ?"

ಬ್ಯಾರಿ ಒಳಗೆ ಹೋಗಿ ಶೀತಲ ಕೋಣೆಯಲ್ಲಿ ಐದು ನಿಮಿಷ ನಿಂತು ಬಂದ. ಕಣ್ಣು ಕೆಂಪಾಗಿದ್ದಕ್ಕೆ ಚಳಿ ಕಾರಣವೆಂದು ಹೆಂಡತಿಗೆ ಹೇಳಿದ.

ಎರಡನೆಯ ಸಾಕ್ಷಿ ಡಲ್ಸಿ ಹಾರ್ಕಸ್ ಅಜ್ಜಿ. ಎಂಬತ್ತೊಂದು ವರ್ಷ, ಪಕ್ಕದ ಮನೆ, ನಡುವೆ ಹಲಗೆಯ ಬೇಲಿ. ಊರಿನಲ್ಲಿ ಎಲ್ಲರ ಕಿವಿಯೂ ವಯಸ್ಸಾದಂತೆ ಮಂದವಾದರೆ ಡಲ್ಸಿ ಅಜ್ಜಿಯ ಕಿವಿ ಮಾತ್ರ ದ್ರಾಕ್ಷಾರಸದಂತೆ ಪಕ್ವವಾಗುತ್ತಾ ಬಂದಿತ್ತು. ಆ ಸಂಜೆ ಅವರು ಬಟ್ಟೆ ತೆಗೆಯುತ್ತಿದ್ದಾಗ ಬೇಲಿಯಾಚೆಯಿಂದ ನೆವ್‌ನ ಧ್ವನಿ ಕೇಳಿಸಿತು. ಅವನು ಕಂಬಳಿ ಹೊದ್ದು ನಿಂಬೆ ಗಿಡದೆದುರು ಭಾಷಣದ ಅಭ್ಯಾಸ ಮಾಡುತ್ತಿದ್ದ. ಪುಸ್ತಕದ ಎರಡನೆಯ ಸಲಹೆಯಂತೆ.

"ನನ್ನ ಹತ್ತಿರ ಏನೂ ಇಲ್ಲ. ನನ್ನ ಮಕ್ಕಳು ಇವತ್ತೂ ಊಟ ಮಾಡಿಲ್ಲ. ನಾನಿರೋದು ಯಾರ ಕಣ್ಣಿಗೂ ಬೀಳಲ್ಲ. ಕಂಡಿದ್ದರೆ ನೀವು ಸುಮ್ಮನಿರುತ್ತಿದ್ದಿರಾ?"

ಡಲ್ಸಿ ಅಜ್ಜಿಯ ಕೈಯಿಂದ ಬಟ್ಟೆ ಸಿಕ್ಕಿಸುವ ಕ್ಲಿಪ್ಪು ಕೆಳಗೆ ಬಿತ್ತು. ನೆವ್‌ಗೆ ಇದ್ದವಳು ಒಬ್ಬಳೇ ಮಗಳು, ಪರ್ತ್‌ನಲ್ಲಿ ಹಲ್ಲಿನ ಡಾಕ್ಟರ್. ಆ ರಾತ್ರಿಯೊಳಗೆ ಊರಿಗೆ ಸುದ್ದಿ ಮುಟ್ಟಿತು: ನೆವ್ ಮನೆಯ ಒಲೆ ಆರಿದೆ, ಹೆಂಡತಿ ಬಿಟ್ಟುಹೋಗಿದ್ದಾಳೆ, ಹಲ್ಲಿನ ಡಾಕ್ಟರ್ ಮಗಳಿಗೇ ಅಗಿಯಲು ಏನೂ ಇಲ್ಲ.

ಇದಕ್ಕೆಲ್ಲ ಮೊಹರು ಒತ್ತಿದ್ದು ಕ್ಲಬ್ಬಿನ ಬೀದಿಬದಿಯ ಬೋರ್ಡು. ಅದರಲ್ಲಿ ಬಿಡಿ ಅಕ್ಷರಗಳನ್ನು ಸಿಕ್ಕಿಸಿ ಬರೆಯಬೇಕು. ಅರ್ಧ ಅಕ್ಷರಗಳನ್ನು ಗಿಳಿಗಳು ಕಿತ್ತು ಒಯ್ದಿದ್ದವು. 'ಲೋಕದ' ಎನ್ನುವುದಕ್ಕೆ ಅಕ್ಷರ ಸಾಲದೆ ಬ್ಯಾರಿಯ ಗುಮಾಸ್ತ ಅದನ್ನು ಕೈಬಿಟ್ಟ. ಉಳಿದದ್ದು ಇಷ್ಟು: "ನೆವ್ ಪಾಸ್ಕೋ. ಬಡತನ. ಶನಿವಾರ ಮಧ್ಯಾಹ್ನ. ಎಲ್ಲರೂ ಬನ್ನಿ."

ಮರುದಿನ ಬೆಳಿಗ್ಗೆ ನೆವ್ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಮೂರು ಮುಚ್ಚಿದ ಪಾತ್ರೆಗಳು. ಒಂದರಲ್ಲಿ ಕೋಳಿ, ಒಂದರಲ್ಲಿ ಟ್ಯೂನಾ ಮೀನು, ಒಂದರಲ್ಲಿ ಏನೆಂದು ಗುರುತು ಸಿಗದ ಆದರೆ ಪ್ರೀತಿಯಿಂದ ಮಾಡಿದ ಪದಾರ್ಥ. ನೆವ್ ಯೋಚಿಸಿದ. ಶನಿವಾರ ಸಭೆಗೆ ಬರುವವರು ಒಂದೊಂದು ತಿಂಡಿ ತರುವುದು ವಾಡಿಕೆ. ಭಾಷಣ ತನ್ನದಾದ್ದರಿಂದ ಮುಂಚಿತವಾಗಿ ತನ್ನ ಮನೆಗೇ ತಂದಿಡುತ್ತಿದ್ದಾರೆ ಎಂದುಕೊಂಡು ಎಲ್ಲವನ್ನೂ ಫ್ರೀಜರಿಗೆ ಜೋಡಿಸಿದ. ನಾಲ್ಕು ದಿನದಲ್ಲಿ ಹತ್ತೊಂಬತ್ತು ಪಾತ್ರೆಗಳಾದವು. ಫ್ರೀಜರಿನ ಪಕ್ಕ ನಿಂತು ನೆವ್ ಅನ್ನ ಬೇಳೆ ನುಂಗಿದ.

ಇಪ್ಪತ್ತನೆಯ ಪಾತ್ರೆಯನ್ನು, ಕಡುಬು ತುಂಬಿ, ಡಲ್ಸಿ ಅಜ್ಜಿ ಸ್ವತಃ ತಂದರು.

"ನೆವ್, ನಂಗೆಲ್ಲ ಗೊತ್ತಾಯ್ತು ಮಗಾ."

"ಬೋರ್ಡ್ ನೋಡಿದ್ರಾ?"

"ಬೋರ್ಡಿಗಿಂತ ಮುಂಚೇನೆ. ಬೇಲಿ ಹತ್ರ ಕೇಳಿಸ್ತು."

ನೆವ್‌ನ ಮುಖ ಅರಳಿತು. "ಹೇಗನ್ನಿಸ್ತು?"

"ಹೇಗನ್ನಿಸ್ತು ಅಂತ ಕೇಳ್ತೀಯಲ್ಲೋ. ನಾಲ್ಕು ದಿನದಿಂದ ನಿದ್ದೆ ಇಲ್ಲ ನಂಗೆ."

"ಅದೇ ಬೇಕಾಗಿತ್ತು ಡಲ್ಸಿ. ಊರಲ್ಲಿ ಯಾರಿಗೂ ನಿದ್ದೆ ಬರಬಾರದು."

ಅಜ್ಜಿ ಅವನ ಕೈ ಹಿಡಿದುಕೊಂಡರು. "ಎಷ್ಟು ದಿನದಿಂದ ಹೀಗಪ್ಪ?"

"ದಿನ ಏನು, ತಲೆತಲಾಂತರದಿಂದ ಇದೆ. ನಮ್ಮ ಕಣ್ಣಿಗೆ ಕಾಣ್ತಿರಲಿಲ್ಲ ಅಷ್ಟೆ."

"ನಿಮ್ಮಪ್ಪನ ಕಾಲದಿಂದಲೂ?"

"ಅದಕ್ಕೂ ಮುಂಚಿನಿಂದ."

ನೆವ್‌ನ ತಂದೆ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಇಸ್ತ್ರಿ ಕೆಡದ ಕೋಟು, ಪಾಲಿಶ್ ಮಾಡಿದ ಶೂ. ಅವರೂ ಒಳಗೊಳಗೇ ಹಸಿದಿದ್ದರೇ ಎಂದು ಡಲ್ಸಿ ಅಜ್ಜಿ ಗೋಡೆಗೆ ಒರಗಿದರು. "ಗ್ಲೆನಿಸ್‌ಗೆ ಗೊತ್ತಾ?"

"ಅವಳಿಗೆ ಹೇಳಿಲ್ಲ. ಶನಿವಾರ ಎಲ್ಲರ ಮುಂದೆ ಒಂದೇ ಸಲ ಹೇಳಿಬಿಡೋಣ ಅಂತ."

ಅಜ್ಜಿ ಮನೆಗೆ ಹೋದವರೇ ಬಲ್ಲರಾಟ್‌ಗೆ ಫೋನ್ ಮಾಡಿದರು. "ಗ್ಲೆನಿಸ್, ಇದ್ದ ದುಡ್ಡೆಲ್ಲ ಅವನೇನೇ ಮಾಡಿರಲಿ, ಬಂದುಬಿಡಮ್ಮ," ಎಂದಷ್ಟೇ ಹೇಳಿ, ದುಃಖ ಉಕ್ಕಿ ಬಂದು, ಫೋನ್ ಇಟ್ಟುಬಿಟ್ಟರು. ಮತ್ತೆ ಗ್ಲೆನಿಸ್ ಎಷ್ಟು ಸಲ ಮಾಡಿದರೂ ಲೈನ್ ಸಿಗಲಿಲ್ಲ. ಅಜ್ಜಿ ಊರಿನ ಉಳಿದವರ ಜೊತೆ ಮಾತಾಡುತ್ತಿದ್ದರು. ನೆವ್ ಹೀಟರಿನ ಜೊತೆ ಫೋನನ್ನೂ ಆರಿಸಿಟ್ಟಿದ್ದ; ಗುಲ್ಲಂಬಾಗೆ ಮುಂದಿನ ಬಸ್ಸು ಶನಿವಾರಕ್ಕೇ ಇತ್ತು.

ಗುರುವಾರ ಪುರಸಭೆಯಿಂದ, ಕಷ್ಟದಲ್ಲಿರುವವರನ್ನು ವಿಚಾರಿಸಿಕೊಳ್ಳುವ ಒಬ್ಬ ಅಧಿಕಾರಿಣಿ ಬಂದಳು. ಹೆಸರು ಮಿಸ್ ತ್ರಾನ್; ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಭಾಷಣದ ಕೀರ್ತಿ ಸರ್ಕಾರದವರೆಗೂ ಮುಟ್ಟಿತೆಂದು ನೆವ್ ಕಂಬಳಿ ಸರಿಮಾಡಿಕೊಂಡು ಕೂತ.

"ಇವತ್ತು ಏನು ತಿಂದ್ರಿ, ಮಿಸ್ಟರ್ ಪಾಸ್ಕೋ?"

"ಅನ್ನ, ಬೇಳೆ."

"ನಿನ್ನೆ?"

"ಅನ್ನ, ಬೇಳೆ. ಹೋದ ಗುರುವಾರ ಒಂದು ಮೂಳೆ ಇತ್ತು."

ಅವಳು ಬರೆದುಕೊಂಡಳು. "ಇದು ಎಲ್ಲಿವರೆಗೆ ಹೀಗೆ ನಡೆಯುತ್ತೆ ಅಂತೀರಾ?"

"ಶನಿವಾರದವರೆಗೆ," ಎಂದ ನೆವ್, ಗಂಭೀರವಾಗಿ. "ಶನಿವಾರಕ್ಕೆ ಎಲ್ಲ ಮುಗಿದುಹೋಗುತ್ತೆ."

ಅವಳ ಪೆನ್ನು ನಿಂತಿತು. "ಮುಗಿದುಹೋಗುತ್ತೆ ಅಂದ್ರೆ?"

"ಮುಗೀತು ಅಂದ್ರೆ ಮುಗೀತು. ನಾನು ಹೇಳಬೇಕಾದ್ದು ಹೇಳಿಬಿಡ್ತೀನಿ, ಆಮೇಲೆ ಶಾಂತಿ."

ಮಿಸ್ ತ್ರಾನ್ ಬಿಳಿಚಿಕೊಂಡಳು. "ಶನಿವಾರ ನಿಮ್ಮ ಜೊತೆ ಯಾರಾದ್ರೂ ಇರ್ತಾರಾ?"

"ಊರಿಗೂರೇ ಇರುತ್ತಮ್ಮ. ನೀನೂ ಬಾ," ಎಂದ ನೆವ್ ಆದರದಿಂದ.

ಹೋಗುವಾಗ ಅವಳು ಅಡುಗೆಮನೆಯ ಚಾಕುಗಳನ್ನೆಲ್ಲ ತೊಳೆದುಕೊಡುತ್ತೇನೆಂದು ತೆಗೆದುಕೊಂಡು ಹೋದಳು. ಪುರಸಭೆಯ ಸೇವೆ ಈಚೆಗೆ ಎಷ್ಟು ಸುಧಾರಿಸಿದೆ ಎಂದು ನೆವ್ ಮೆಚ್ಚಿಕೊಂಡ.

ಅದೇ ಸಂಜೆ ಕ್ಲಬ್ಬಿನ ಸಮಿತಿ ಸೇರಿತು. ಬ್ಯಾರಿ ಮೂಳೆಯ ಕಥೆ ಹೇಳಿದ. ಡಲ್ಸಿ ಅಜ್ಜಿ ಬೇಲಿಯ ಕಥೆ ಹೇಳಿದರು. ಎಲ್ಲರೂ ಕಾಲಿನ್ ಕಡೆ ನೋಡಿದರು. ಕಾಲಿನ್ ತನ್ನ ಬೂಟು ನೋಡಿಕೊಂಡ.

"ನಾನು ಅವನನ್ನ ಆಡಿಕೊಂಡೆ," ಎಂದ. "ಹಸಿದ ಮನುಷ್ಯನ್ನ ಆಡಿಕೊಂಡುಬಿಟ್ಟೆ. ಹಾಳಾಗಲಿ ಸ್ಕೋರ್‌ಬೋರ್ಡು. ಹೇಗಿದ್ರೂ ಸೋಲೋದೇ. ಎಲ್ಲಾ ಅವನಿಗೇ ಕೊಟ್ಟುಬಿಡಿ." ಕೈ ಎತ್ತುವ ಶಾಸ್ತ್ರಕ್ಕೂ ಕಾಯದೆ, ಅಷ್ಟೂ ಹಣ ನೆವಿಲ್ ಪಾಸ್ಕೋಗೆ ಎಂದು ಬ್ಯಾರಿ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ.

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಹಾಲ್ ತುಂಬಿತ್ತು. ಬೆಂಚಿನ ಭಾಷಣಕ್ಕೆ ಹನ್ನೊಂದು ಜನ ಬಂದಿದ್ದರು. ಇವತ್ತು ಇನ್ನೂರರ ಹತ್ತಿರ. ಗೋಡೆಗುಂಟ ನಿಂತವರ ನಡುವೆ, ಕೆಲಸದಿಂದ ನೇರ ಬಂದಿದ್ದ ಸಿಸ್ಟರ್ ಚಿಮ್ಮಿಯೂ ಇದ್ದಳು; ಮೊದಲ ಸಾಲಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮಿಸ್ ತ್ರಾನ್. ಲೋಕದ ಬಡವರ ಬಗ್ಗೆ ತನ್ನ ಊರಿಗೆ ಇಷ್ಟು ಕಾಳಜಿ ಇದೆಯೆಂದು ನೆವ್‌ಗೆ ಗೊತ್ತೇ ಇರಲಿಲ್ಲ.

ಅವನು ಕಾಗದ ಬಿಡಿಸುವಷ್ಟರಲ್ಲಿ ಬ್ಯಾರಿ ಎದ್ದು ಬಂದು ಅವನ ಭುಜದ ಮೇಲೆ ಕೈಯಿಟ್ಟ.

"ನೆವ್, ನೀನೇನೂ ಹೇಳಬೇಕಾಗಿಲ್ಲ. ನಮಗೆಲ್ಲ ಗೊತ್ತು. ನಾವು ತೀರ್ಮಾನ ಮಾಡಿಬಿಟ್ಟಿದ್ದೀವಿ." ಅವನು ಲಕೋಟೆಯೊಂದನ್ನು ನೆವ್‌ನ ಕೈಗಿಟ್ಟ. "ನಾಲ್ಕು ಸಾವಿರದ ಎಂಟುನೂರು. ಪೂರ್ತಿ. ಕಾಲಿನ್ ತಾನಾಗೇ ಹಿಂದೆ ಸರಿದ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೆವ್ ಕಣ್ಣೀರು ಒರೆಸಿಕೊಂಡ. ಮಾತಾಡದೆಯೇ ಗೆದ್ದ ಭಾಷಣಕಾರ ಗುಲ್ಲಂಬಾದ ಚರಿತ್ರೆಯಲ್ಲಿ ಅವನೊಬ್ಬನೇ.

"ಏನು ಹೇಳ್ಬೇಕೋ ತೋಚ್ತಿಲ್ಲ," ಎಂದ. "ಮನಸ್ಸಲ್ಲೇ ಲೆಕ್ಕ ಹಾಕಿದೆ. ಇದರಲ್ಲಿ ಸರಿಯಾಗಿ ಆರುನೂರು ಸೊಳ್ಳೆ ಪರದೆ ಬರುತ್ತೆ."

ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತಿತು.

"ಆರುನೂರು," ಎಂದ ಬ್ಯಾರಿ ನಿಧಾನವಾಗಿ. "ನಿನ್ನ ಮನೇಲಿರೋದು ಎರಡು ಮಂಚ ಕಣಯ್ಯಾ."

"ನನ್ನ ಮನೆಗಲ್ಲ. ಮಲಾವಿಗೆ."

"ಮಲಾವಿಗೆ ಹೋಗ್ತಿದ್ದೀಯಾ?"

"ನಾನ್ಯಾಕೆ ಹೋಗ್ಲಿ? ಪರದೆ ಹೋಗುತ್ತೆ. ಬಡವರಿಗೆ."

"ಮತ್ತೆ ನಿನಗೆ?"

"ನನಗೇನಾಗಿದೆ?"

ಆಗಲೇ ಹಾಲಿನ ಬಾಗಿಲು ದಡಾರನೆ ತೆರೆಯಿತು. ಒಂದೂವರೆಯ ಬಸ್ಸಿಳಿದ ಗ್ಲೆನಿಸ್ ಸೂಟ್‌ಕೇಸಿನ ಸಮೇತ ಒಳಗೆ ಬಂದಳು. ಇನ್ನೂರು ಜನ ಅವಳಿಗೆ ದಾರಿ ಬಿಟ್ಟರು. ವಿಧವೆಗೆ ಬಿಡುವ ಹಾಗೆ.

"ನೆವ್," ಎಂದಳು ಏದುಸಿರು ಬಿಡುತ್ತಾ. "ದುಡ್ಡೆಲ್ಲ ಏನು ಮಾಡ್ದೆ?"

"ಬ್ಯಾಂಕಲ್ಲಿದೆಯಲ್ಲ ಕಣೆ. ಎಲ್ಲಿ ಹೋಗುತ್ತೆ?"

ಆಮೇಲಿನ ಐದು ನಿಮಿಷವನ್ನು ವಿವರವಾಗಿ ಬರೆಯುವುದು ಸಜ್ಜನರಿಗೆ ಶೋಭಿಸದು. ಪುಸ್ತಕದ ವಿಷಯ, ಕಂಬಳಿಯ ವಿಷಯ, ನಾಯಿಯ ವಿಷಯ ಒಂದೊಂದಾಗಿ ಹೊರಬಂದವು. ಫ್ರೀಜರಿನಲ್ಲಿರುವ ಇಪ್ಪತ್ತು ಪಾತ್ರೆಗಳ ವಿಷಯ ಹೊರಬಂದಾಗ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಮಿಸ್ ತ್ರಾನ್ ತಲೆ ತಗ್ಗಿಸಿ ತನ್ನ ಚೀಲದಲ್ಲಿದ್ದ ಚಾಕುಗಳನ್ನು ಎಣಿಸತೊಡಗಿದಳು.

ಮೊದಲು ಬಾಯಿಬಿಟ್ಟವನು ಕಾಲಿನ್. ಅವನ ಕಿವಿ ಕೆಂಪಾಗಿತ್ತು. "ನಾನು ಬಿಟ್ಟುಕೊಟ್ಟಿದ್ದು ನೆವ್‌ಗೋಸ್ಕರ. ನಮ್ಮೋನು ಅಂತ. ಗುರುತು ಪರಿಚಯ ಇಲ್ಲದೋರಿಗಲ್ಲ."

"ಪಿಂಚಣೀಲಿ ಉಳಿಸಿ ಮಾಡಿದ ಕಡುಬು ಅದು," ಎಂದರು ಡಲ್ಸಿ ಅಜ್ಜಿ ಸಣ್ಣ ಧ್ವನಿಯಲ್ಲಿ. ಅವರು ನೆವ್‌ನ ಮುಖ ನೋಡಲಿಲ್ಲ.

ಉಳಿದೆಲ್ಲದಕ್ಕಿಂತ ಇದು ನೆವ್‌ಗೆ ನೋವಾಯಿತು. ಹದಿನಾಲ್ಕು ದಿನ ಬಾಯಿಪಾಠ ಮಾಡಿದ ಭಾಷಣ ಅವನ ತಲೆಯಿಂದ ಹಾರಿಹೋಗಿತ್ತು. ಲಕೋಟೆಯನ್ನು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತ.

"ತಪ್ಪಾಯ್ತು," ಎಂದ. "ನನಗೆ ಸರಿಯಾಗಿ ಹೇಳೋಕೆ ಬರಲ್ಲ. ಕಾಲಿನ್ ಹೇಳ್ದ ಹಾಗೆ ನಾನು ಮೀಟರ್ ಓದೋನು. ಹದಿನಾಲ್ಕು ದಿನ ಹಸಿದಿದ್ದೆ, ಅದು ಸುಳ್ಳಲ್ಲ. ಆದ್ರೆ ಮನಸ್ಸು ಮಾಡಿದ್ರೆ ಫ್ರೀಜರ್ ತೆಗೀಬಹುದಿತ್ತು. ಅಷ್ಟಿದ್ರೂ ಒಂಬತ್ತನೇ ದಿನಕ್ಕೆ ಅಳು ಬಂತು. ಡಲ್ಸಿ, ನೀವು ಬೇಲಿಯಾಚೆ ಒಬ್ಬನ ಮಕ್ಕಳು ಹಸಿದಿದ್ದಾರೆ ಅಂತ ಕೇಳಿದ್ರಿ. ನಿಜಾನಾ ಸುಳ್ಳಾ ವಿಚಾರಿಸಲಿಲ್ಲ. ಅವನದೇ ತಪ್ಪಾ ಅಂತಲೂ ಕೇಳಲಿಲ್ಲ. ಅವತ್ತೇ ಒಲೆ ಹಚ್ಚಿದ್ರಿ. ನಾನಾಡಿದ ಮಾತು ನನ್ನದಲ್ಲ ಡಲ್ಸಿ. ಆದ್ರೆ ಅದು ಯಾರದೋ ಒಬ್ಬರದು. ಅವನೂ ಇದ್ದಾನೆ. ಅವನ ಬೇಲಿ ಸ್ವಲ್ಪ ದೂರ, ಅಷ್ಟೆ."

ಕಾಲಿನ್ ಗೋಡೆಯ ಕಡೆ ತಿರುಗಿದ. "ಸಿಸ್ಟರ್, ಕೆಟ್ಟದಾಗಿ ತಿಳ್ಕೋಬೇಡಿ. ನಿಮ್ಮೂರಲ್ಲಿ ನೋಡಿಕೊಳ್ಳೋ ಅಕ್ಕಪಕ್ಕದೋರು ಯಾರೂ ಇಲ್ವಾ?"

ಚಿಮ್ಮಿ ಕೆಟ್ಟದಾಗಿ ತಿಳಿದುಕೊಳ್ಳಲಿಲ್ಲ. ಸ್ವಲ್ಪ ನಕ್ಕಳು ಕೂಡ.

"ಇದ್ದಾರೆ. ನಮ್ಮೂರಲ್ಲಿ ಡಲ್ಸಿಯಂಥವರು ಹತ್ತು ಜನ ಇದ್ದಾರೆ. ಬೇಲಿ ಹತ್ರ ಕಿವಿ ಇಡೋರಿಗೆ ನಮ್ಮಲ್ಲಿ ಬರಗಾಲ ಇಲ್ಲ. ನನ್ನ ತಮ್ಮನಿಗೆ ಜ್ವರ ಬಂದ ರಾತ್ರಿ ಹತ್ತೂ ಜನ ಬಂದಿದ್ರು. ಬೆಳಗಿನವರೆಗೂ ಕೂತಿದ್ರು." "ತರೋಕೆ ಅವರ ಹತ್ರ ಏನೂ ಇರಲಿಲ್ಲ. ಅಷ್ಟೇ ವ್ಯತ್ಯಾಸ."

ಡಲ್ಸಿ ಅಜ್ಜಿ ಮೂಗು ಒರೆಸಿಕೊಂಡರು. ಕೈಚೀಲದ ಕೊಂಡಿ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಬ್ಯಾರಿ," ಎಂದರು. "ಪುಸ್ತಕದಲ್ಲಿ ಏನಂತ ಬರ್ದಿದ್ದೀಯಾ?"

ಬ್ಯಾರಿ ಕನ್ನಡಕ ಹಾಕಿಕೊಂಡು ಓದಿದ. "ಅಷ್ಟೂ ಹಣವನ್ನು ನೆವಿಲ್ ಪಾಸ್ಕೋಗೆ ಕೊಡತಕ್ಕದ್ದು."

"ಸಹಿ ಆಗಿದೆಯಾ?"

"ಆಗಿದೆ."

"ಹಂಗಾದ್ರೆ ಮುಗೀತು. ಕೊಟ್ಟಿದ್ದನ್ನ ವಾಪಸ್ ಕೇಳೋ ಮನೆತನ ನಮ್ಮದಲ್ಲ. ಅವನ ದುಡ್ಡು, ಅವನು ಪರದೆ ತಗೊಳ್ತಾನೋ ಪಲ್ಲಕ್ಕಿ ತಗೊಳ್ತಾನೋ ಅವನಿಷ್ಟ." ಆಮೇಲೆ ಮೊದಲ ಸಲ ನೆವ್‌ನ ಮುಖ ನೋಡಿದರು. "ಕಡುಬಿನ ಪಾತ್ರೆ ಮಾತ್ರ ವಾಪಸ್ ಕೊಡು. ಅದು ನಮ್ಮಮ್ಮಂದು."

ಹಾಲಿನಲ್ಲಿ ನಗು ಹುಟ್ಟಿ, ಹಿಂದಿನ ಸಾಲಿನವರೆಗೂ ಹರಡಿತು. ಎಲ್ಲರ ಮಾನವೂ ಉಳಿಯುವ ಇಂಥ ತೀರ್ಪನ್ನು ದೊಡ್ಡ ನ್ಯಾಯಾಲಯಗಳಲ್ಲೂ ಕಾಣುವುದು ಅಪರೂಪ. ಕಾಲಿನ್ ಮಾತ್ರ ನಗಲಿಲ್ಲ. ಅವನು ಚಿಮ್ಮಿಯ ಹತ್ತಿರ ಹೋಗಿ, ಟೋಪಿ ಕೈಯಲ್ಲಿ ಹಿಡಿದು, ನಿಮ್ಮ ತಮ್ಮನ ಹೆಸರೇನು ಎಂದು ಕೇಳಿದ. ಅವಳು ಹೇಳಿದಳು. ಅವನು ಅದನ್ನು ಎರಡು ಸಲ ತಪ್ಪಾಗಿ, ಮೂರನೆಯ ಸಲ ಸರಿಯಾಗಿ ಉಚ್ಚರಿಸಿದ.

ಮೂರೂವರೆಗೆ ನೆವ್ ಮತ್ತು ಗ್ಲೆನಿಸ್ ಮನೆಯ ಕಡೆ ನಡೆದರು. ಬಿಸಿಲು ತೆಳುವಾಗಿತ್ತು. ನೆವ್ ಒಂದು ಕೈಯಲ್ಲಿ ಸೂಟ್‌ಕೇಸ್ ಹಿಡಿದು, ಇನ್ನೊಂದು ಕೈಯಲ್ಲಿ ಜೇಬಿನ ಲಕೋಟೆ ಒತ್ತಿ ಹಿಡಿದು ಕುಂಟುತ್ತಿದ್ದ. ಗ್ಲೆನಿಸ್ ಅಂಚೆ ಕಚೇರಿಯವರೆಗೂ ಬಾಯಿ ಬಿಡಲಿಲ್ಲ. ಮದುವೆಯಾಗಿ ಮೂವತ್ತಾರು ವರ್ಷವಾದವನಿಗೆ ಇಂಥ ಮೌನದ ಅಳತೆ ಗೊತ್ತಿರುತ್ತದೆ. ನೆವ್ ಅದು ತುಂಬಲೆಂದು ಕಾದ.

"ಬಸ್ಸಲ್ಲಿ ಮೂರು ಗಂಟೆ," ಎಂದಳು ಕೊನೆಗೆ. "ಮೂರು ಗಂಟೆ ನಾನು ಬಡವಿಯಾಗಿದ್ದೆ ಕಣೋ. ಮುಂದಿನ ರೂಮು ಬಾಡಿಗೆಗೆ ಕೊಡೋಣ ಅಂದ್ಕೊಂಡೆ. ಅಂಗಡೀಲಿ ಕೆಲಸ ಕೇಳೋಣ ಅಂದ್ಕೊಂಡೆ. ಈ ವಯಸ್ಸಲ್ಲಿ ಯಾರು ಕೊಡ್ತಾರೆ ಅಂತಲೂ ಅಂದ್ಕೊಂಡೆ."

"ತಪ್ಪಾಯ್ತು ಗ್ಲೆನಿಸ್."

"ಮಧ್ಯ ಬಸ್ ನಿಲ್ಲಿಸಿದ್ರು. ಎಲ್ಲರೂ ಟೀ ಕುಡಿದ್ರು. ನಾಲ್ಕು ಡಾಲರ್. ನಾನು ಆ ಟೀ ನೋಡಿದೆ, ಪರ್ಸ್ ನೋಡಿದೆ, ಹೋಗಿ ಸೀಟಲ್ಲಿ ಕೂತ್ಕೊಂಡೆ. ಬಾಯಾರಿಕೆ ಇತ್ತು ಕಣೋ. ಒಂದು ಕಪ್ ಟೀ." ಅವಳು ನಿಂತಳು. "ಅವರು ಬದುಕಿಡೀ ಹೀಗೇ ಕೂತಿರ್ತಾರಾ?"

ಇದಕ್ಕೆ ಲೈಬ್ರರಿಯ ಪುಸ್ತಕದಲ್ಲಿ ಉತ್ತರವಿತ್ತು, ಅಂಕಿಅಂಶಗಳ ಸಮೇತ. ನೆವ್‌ಗೆ ಅದು ನೆನಪಿಗೆ ಬರಲಿಲ್ಲ. ತಲೆಯಾಡಿಸಿದ.

ಗ್ಲೆನಿಸ್ ಪರ್ಸ್ ತೆಗೆದು ಎರಡು ಡಾಲರಿನ ಎರಡು ನಾಣ್ಯಗಳನ್ನು ಅವನ ಅಂಗೈಯಲ್ಲಿಟ್ಟಳು.

"ಇದನ್ನೂ ಅದಕ್ಕೆ ಸೇರಿಸು."

ನೆವ್ ನಾಣ್ಯಗಳನ್ನು ನೋಡಿದ. ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅವನ ಹಣೆ ಗಂಟಿಕ್ಕಿತು.

"ಇದಕ್ಕೆ ಅರ್ಧ ಪರದೆ ಬರುತ್ತೆ ಕಣೆ," ಎಂದ ಚಿಂತೆಯಿಂದ. "ಅರ್ಧ ಪರದೆ ಕಟ್ಟಿದ್ರೆ ಇನ್ನರ್ಧದಿಂದ ಸೊಳ್ಳೆ ಬರುತ್ತಲ್ಲ."

"ಇನ್ನರ್ಧ ನೀನು ಹಾಕು, ಪೆದ್ದಪ್ಪ," ಎಂದು ಗ್ಲೆನಿಸ್ ಸೂಟ್‌ಕೇಸನ್ನು ಅವನ ಕೈಯಿಂದ ಕಿತ್ತುಕೊಂಡು ಮುಂದೆ ನಡೆದಳು.